ಸೊಲೆನಾಯ್ಡ್ ತರೋಕ್ ಮುಂಚೆ ಒಂದ್ಸಲ ಓಮ್ಸ್ ನೋಡಿ

ಅಪ್ಪನ ಹಳೇ ಕೊರೊಲ್ಲಾ ಆಲ್ಟಿಸ್, 4 ಸ್ಪೀಡ್ ಆಟೋಮ್ಯಾಟಿಕ್. ಹೋದ ತಿಂಗಳು ಚೆಕ್ ಎಂಜಿನ್ ಲೈಟ್ ಬಂತು, ಸಿಗ್ನಲ್ಲಲ್ಲಿ ನಿಂತು ಹೊರಡೋಕೆ ಹೋದ್ರೆ ಗಾಡಿ ಏಳೋದೇ ಇಲ್ಲ, ಅಷ್ಟು ಭಾರ. ಸ್ಕ್ಯಾನರ್ ಹಾಕಿದ್ರೆ ಪಿ0974 ಅನ್ನೋ ಫಾಲ್ಟ್ ಕೋಡ್, ಅಂದ್ರೆ ಶಿಫ್ಟ್ ಸೊಲೆನಾಯ್ಡ್ ಎ ಸರ್ಕ್ಯೂಟ್. ಸೊಲೆನಾಯ್ಡ್ ಅಂದ್ರೆ ಗೇರ್ ಬದಲಾಯಿಸೋಕೆ ಗೇರ್‌ಬಾಕ್ಸ್ ಒಳಗೆ ಎಣ್ಣೆ ದಾರಿ ತೆಗೆದು ಮುಚ್ಚೋ ಕರೆಂಟ್ ವಾಲ್ವು. ಗ್ಯಾರೇಜಲ್ಲಿ ಸೊಲೆನಾಯ್ಡ್ ತಂದ್ಕೊಡಿ ಹಾಕ್ತೀವಿ ಅಂದ್ರು, ನಾನೂ ಅಂಗಡಿಗೆ ಹೋಗಿ "ಆಲ್ಟಿಸ್ ಆಟೋಮ್ಯಾಟಿಕ್‌ದು" ಅಂತ ಕೇಳಿ ದುಡ್ಡು ಕೊಟ್ಟು ತಂದ್ಬಿಟ್ಟೆ. ಮನೇಲಿ ಕವರ್ ಬಿಚ್ಚಿದ್ರೆ ಕನೆಕ್ಟರಲ್ಲಿ ಎರಡು ಪಿನ್. ನಮಗೆ ಬೇಕಿದ್ದದ್ದು ಒಂದೇ ಪಿನ್ನಿಂದು.

ಆವತ್ತೇ ಕೂತು ಪೂರ್ತಿ ಓದ್ದೆ. ಈ ಗೇರ್‌ಬಾಕ್ಸ್ ಹೆಸರು ಯು341ಇ, ಒಳಗೆ ಐದು ಸೊಲೆನಾಯ್ಡ್: ಎಸ್1, ಎಸ್2, ಎಸ್‌ಟಿ, ಎಸ್‌ಎಲ್, ಎಸ್‌ಎಲ್‌ಟಿ. ಕೋಡಲ್ಲಿರೋ "ಎ" ಅಂದ್ರೆ ಎಸ್1. ಎಸ್1, ಎಸ್2 ಬರೀ ಆನ್-ಆಫ್, ಒಂದು ಪಿನ್, ಅರ್ತ್ ಬಾಡಿಯಿಂದಲೇ, ಪಿನ್‌ಗೂ ಬಾಡಿಗೂ ಮೀಟರ್ ಇಟ್ರೆ ತಣ್ಣಗಿರುವಾಗ 11ರಿಂದ 15 ಓಮ್ಸ್ (ಕಾಯಿಲ್ ರೆಸಿಸ್ಟೆನ್ಸ್) ಬರಬೇಕು. ಎಸ್‌ಎಲ್‌ಟಿ ಪ್ರೆಶರ್ ಕಂಟ್ರೋಲ್ ಮಾಡೋದು, ಎರಡು ಪಿನ್, 5 ಚಿಲ್ಲರೆ ಓಮ್ಸ್ ಅಷ್ಟೇ. ನನ್ನ ಕೈಗೆ ಬಂದಿದ್ದು 5.3 ತೋರಿಸ್ತು. ದಯವಿಟ್ಟು ಎಸ್‌ಎಲ್‌ಟಿಗೆ ನೇರ ಬ್ಯಾಟರಿ ಕೊಟ್ಟು ಟೆಸ್ಟ್ ಮಾಡ್ಬೇಡಿ, ಕಾಯಿಲ್ ಸುಟ್ಟೋಗುತ್ತೆ, ಮಧ್ಯೆ 21 ವಾಟ್ ಬಲ್ಬ್ ಹಾಕ್ಲೇಬೇಕು.

ಇನ್ನೊಂದು, ಕೋಡ್ ಹೇಳೋದು ಸರ್ಕ್ಯೂಟ್ ಅಂತ, ಸೊಲೆನಾಯ್ಡೇ ಹೋಗಿದೆ ಅಂತಲ್ಲ, ಒಳಗಿನ ವೈರ್ ಕಟ್ಟಾಗಿದ್ರೂ ಇದೇ ಕೋಡ್ ಬರುತ್ತೆ. ಅದಕ್ಕೆ ಗೇರ್‌ಬಾಕ್ಸ್ ಕೆಳಗಿನ ಎಣ್ಣೆ ಪ್ಯಾನ್ ಬಿಚ್ಚಿಸಿ, ಎಸ್1 ಕನೆಕ್ಟರ್ ಕಿತ್ತು ಸೊಲೆನಾಯ್ಡ್ ಮೇಲೇ ಪ್ರೋಬ್ ಇಟ್ಟೆ. ಮೀಟರಲ್ಲಿ ಒಎಲ್, ಫುಲ್ ಓಪನ್, ಅಂದ್ರೆ ಸೊಲೆನಾಯ್ಡ್ ಒಳಗಿನ ಕಾಯಿಲ್ಲೇ ಕಟ್. ಪಕ್ಕದ ಎಸ್2 13 ತೋರಿಸ್ತು. ಆಮೇಲೇ ನನಗೆ ಧೈರ್ಯ ಬಂದಿದ್ದು.

ಈ ಸಲ ಕಾರಿನ ಹೆಸರು ಹೇಳ್ಲೇ ಇಲ್ಲ, ಚಾಸಿಸ್ ನಂಬರ್ ಕೊಟ್ಟು ಕ್ಯಾಟಲಾಗಲ್ಲಿ ಎಸ್1 ಅಂತಲೇ ಪಾರ್ಟ್ ನಂಬರ್ ತೆಗೆಸ್ದೆ, ಯಾಕಂದ್ರೆ ಆಮೇಲಿನ ಆಲ್ಟಿಸ್‌ಗಳಲ್ಲಿ ಸಿವಿಟಿ (ಗೇರ್ ಹಂತಗಳೇ ಇಲ್ಲದ ಬೇರೆ ಥರದ ಆಟೋಮ್ಯಾಟಿಕ್ ಗೇರ್‌ಬಾಕ್ಸ್) ಬಂತು, ಕಾರಿನ ಹೆಸರೊಂದೇ ಹೇಳಿದ್ರೆ ಏನ್ ಬೇಕಾದ್ರೂ ಕೈಗೆ ಕೊಡ್ತಾರೆ. ಹೊಸದು ಬಂದಾಗ ಹಳೇದರ ಪಕ್ಕ ಇಟ್ಟು ಬೋಲ್ಟ್ ತೂತು, ಮೂತಿ ಉದ್ದ, ಓ-ರಿಂಗ್ ಎಲ್ಲಾ ತಾಳೆ ನೋಡ್ದೆ, 12.8 ಓಮ್ಸ್ ಬಂತು, ಬ್ಯಾಟರಿ ಮುಟ್ಟಿಸ್ದಾಗ ಟಕ್ ಅಂತು. ಆಮೇಲೇ ಮೆಕ್ಯಾನಿಕ್ ಕೈಗೆ ಕೊಟ್ಟಿದ್ದು.