ದೇವರಿಗೂ ಯಮದೂತರಿಗೂ ನಡುವೆ ನಾವು

ದೀಪಾವಳಿ ಪಾಡ್ಯದ ದಿನ ನಾವು ಬಲೀಂದ್ರನನ್ನು ಕೂರಿಸುತ್ತೇವೆ, ಹಸುವಿಗೆ ಹೂ ಮುಡಿಸುತ್ತೇವೆ. ಅದೇ ಸಂಜೆ ನೇಪಾಳದ ಕಾಠ್ಮಂಡು ಕಣಿವೆಯ ಮೂಲ ಜನರಾದ ನೇವಾರರ ಮನೆಗಳಲ್ಲಿ ಮ್ಹಪೂಜೆ, ಅಂದರೆ ಮೈಗೆ ಪೂಜೆ. ಹಿಂದೂ ನೇವಾರರೂ ಮಾಡುತ್ತಾರೆ, ಬೌದ್ಧ ನೇವಾರರೂ ಮಾಡುತ್ತಾರೆ. ತಮಗೆ ತಾವೇ ಪೂಜೆ ಮಾಡಿಕೊಳ್ಳೋದಾ ಅಂತ ಮೊದಲು ಕೇಳಿದಾಗ ನನಗೂ ವಿಚಿತ್ರ ಅನಿಸಿತ್ತು. ಕಾಠ್ಮಂಡು ಪಕ್ಕದ ಪಾಟನ್‌ನ ಸ್ನೇಹಿತರ ಮನೆಯಲ್ಲಿ ಎಲ್ಲರೂ ಸಾಲಾಗಿ ಪೂಜೆಗೆ ಕೂತದ್ದನ್ನು ನೋಡಿದ ಮೇಲೆ ಹಾಗೆ ಅನಿಸಲಿಲ್ಲ.

ನೆಲ ಸಾರಿಸಿ ಉದ್ದಕ್ಕೆ ಮಂಡಲಗಳನ್ನು ಹಾಕುತ್ತಾರೆ, ತಲೆಗೊಂದರಂತೆ. ಅಕ್ಕಿ ಹಿಟ್ಟು, ಎಣ್ಣೆ, ಭತ್ತ, ಅರಳು, ಮೇಲೆ ಚೆಂಡುಹೂವು. ಊರಲ್ಲಿಲ್ಲದ ಮಗನಿಗೂ ಒಂದು ಮಂಡಲ ತಪ್ಪದು. ಸಾಲಿನ ಒಂದು ತುದಿಯಲ್ಲಿ ಮನೆದೇವರಿಗೆ, ಇನ್ನೊಂದು ತುದಿಯಲ್ಲಿ ಯಮದೂತರಿಗೆ. ಮನೆಯವರು ದೊಡ್ಡವರಿಂದ ಚಿಕ್ಕವರವರೆಗೆ ಇವೆರಡರ ನಡುವೆ ಚಕ್ಕಳಮಕ್ಕಳ ಹಾಕಿ ಕೂರುತ್ತಾರೆ. ಅದೇ ಹೂವು, ಅದೇ ದೀಪ, ಅದೇ ಅರಳು ಯಮದೂತರಿಗೂ ಸಲ್ಲುತ್ತದೆ. ಪಕ್ಕದಲ್ಲಿ ಇಂಥವರನ್ನು ಕೂರಿಸಿಕೊಂಡವರಿಗೆ ಜಂಬ ಎಲ್ಲಿಂದ ಬರಬೇಕು? ಈ ಮೈ ಇರುವಷ್ಟು ದಿನ ಮರ್ಯಾದೆಯಿಂದ ನೋಡಿಕೋ ಅಂತಷ್ಟೇ ನನಗೆ ಕೇಳಿಸಿದ್ದು.

ಪೂಜೆ ಮಾಡುವುದು ಮನೆಯ ಹಿರಿಯ ಹೆಂಗಸು. ಹಣೆಗೆ ತಿಲಕ, ಕೊರಳಿಗೆ ಜಜಂಕಾ ಅನ್ನುವ ನೂಲಿನ ಮಾಲೆ. ಆಮೇಲೆ ಎಣ್ಣೆಯಲ್ಲಿ ಅದ್ದಿದ ಉದ್ದ ಬತ್ತಿ ಹಚ್ಚುತ್ತಾರೆ. ಆಕ್ರೋಟು, ಮಾದಲ ಹಣ್ಣು ಕೈಗೆ ಕೊಡುತ್ತಾರೆ. ಕೊನೆಗೆ ಧಾನ್ಯ ಅಳೆಯುವ ಪಾತ್ರೆಯಲ್ಲಿ ಹೂವು, ಹಣ್ಣು ತುಂಬಿ ತಲೆಯ ಮೇಲಿಂದ ಸುರಿಯುತ್ತಾರೆ. ಸಂಕ್ರಾಂತಿಗೆ ನಮ್ಮ ಮಕ್ಕಳಿಗೆ ಎಲಚಿಹಣ್ಣು ಎರೆಯುವ ಹಾಗೇ! ಆದರೆ ಇಲ್ಲಿ ಅಜ್ಜನಿಗೂ ಆ ಭಾಗ್ಯ ಉಂಟು. ನಮ್ಮಲ್ಲಿ ಮೀಸೆ ಬಂದ ಮೇಲೆ ಯಾರು ಎರೆಯುತ್ತಾರೆ ಹೇಳಿ.

ನಂತರ ಸಗನ್, ಅಂದರೆ ಶುಭಕ್ಕೆಂದು ಕೊಡುವ ತಿನಿಸು. ಮೊಟ್ಟೆ, ಮೀನು, ಮಾಂಸ, ಬೇಳೆ ವಡೆ, ಜೊತೆಗೆ ಐಲಾ ಅನ್ನುವ ಮನೆಯ ಸಾರಾಯಿ. ಮಡಿ ಅಡುಗೆಯ ನೈವೇದ್ಯಕ್ಕೆ ಒಗ್ಗಿದವರಿಗೆ ಗಂಟಲಲ್ಲಿ ಇಳಿಯದೇ ಇರಬಹುದು, ನೇವಾರರಿಗಂತೂ ಇದು ಶುದ್ಧ ಪ್ರಸಾದ.

ಇದೇ ದಿನ ನೇವಾರರು ವರ್ಷ ಎಣಿಸುವ ನೇಪಾಳ ಸಂವತ್‌ನ ಹೊಸ ವರ್ಷ. ಶುರುವಾದದ್ದು ಕ್ರಿ.ಶ. 879ರಲ್ಲಿ. ಶಂಖಧರ ಸಾಖ್ವಾ ಎಂಬ ವ್ಯಾಪಾರಿ ಕೊಂಡ ನದಿಯ ಮರಳು ಚಿನ್ನವಾಯಿತಂತೆ, ಅದರಿಂದ ಅವನು ಜನರ ಸಾಲವನ್ನೆಲ್ಲ ತೀರಿಸಿದನಂತೆ. ಕಥೆ ನಿಜವೋ ಸುಳ್ಳೋ, ರಾಜನ ಪಟ್ಟಾಭಿಷೇಕದಿಂದಲ್ಲ, ಬಡವರ ಸಾಲ ತೀರಿದ ದಿನದಿಂದ ವರ್ಷ ಎಣಿಸುತ್ತೇವೆ ಅನ್ನುವ ಜನ ನನಗೆ ತುಂಬಾ ಇಷ್ಟವಾದರು. ಸಾಲದ ಹೊರೆ ಇಳಿದ ಮೈಯನ್ನೇ ಆ ಸಂಜೆ ಕೂರಿಸಿ ಪೂಜಿಸುತ್ತಾರೆ, ಸರಿಯಾಗಿಯೇ ಇದೆ ಅಲ್ವಾ? 1999ರಲ್ಲಿ ನೇಪಾಳ ಸರ್ಕಾರ ಶಂಖಧರನನ್ನು ರಾಷ್ಟ್ರೀಯ ವಿಭೂತಿ, ಅಂದರೆ ದೇಶದ ಮಹಾಪುರುಷ ಎಂದು ಘೋಷಿಸಿತು.

ನಮ್ಮವರು ಕಾಠ್ಮಂಡುವಿಗೆ ಹೋದರೆ ಪಶುಪತಿನಾಥನ ದರ್ಶನ ಮಾಡಿ, ಗರ್ಭಗುಡಿಯಲ್ಲಿ ಕರ್ನಾಟಕದ ಕಡೆಯ ಭಟ್ಟರನ್ನು ಕಂಡು ಖುಷಿಪಟ್ಟು ಬಂದುಬಿಡುತ್ತಾರೆ. ಪಾಡ್ಯದ ಹೊತ್ತಿಗೆ ಅಲ್ಲಿದ್ದರೆ ಪಾಟನ್, ಭಕ್ತಪುರದ ಬೀದಿಗಳಲ್ಲೂ ಓಡಾಡಿ. ಧಿಮೆ ಅನ್ನುವ ಡೋಲು ಬಡಿಯುತ್ತಾ ಹೊಸ ವರ್ಷದ ಮೆರವಣಿಗೆ ಸಾಗುತ್ತದೆ. ಮ್ಹಪೂಜೆ ಮಾತ್ರ ಮನೆಯೊಳಗಿನದು, ಯಾರಾದರೂ ಕರೆದರೆ ಹೋಗಬೇಕು. ಕರೆದರೆ ಬಿಡಬೇಡಿ.