ಬಿ.ಎಡ್. ಸಾಲದ ಲೆಕ್ಕ

ಅಕ್ಕನ ಮಗಳಿಗೆ ಬಿ.ಎಡ್. ಮಾಡುವ ಆಸೆ. ಖಾಸಗಿ ಕಾಲೇಜು, ಹಾಸ್ಟೆಲ್ ಎಲ್ಲ ಸೇರಿ 2 ಲಕ್ಷ ಸಾಲ ಬೇಕಂತೆ. "ತೀರಿಸೋಕಾಗುತ್ತಾ ಮಾವ?" ಅಂತ ಕೇಳಿದಳು. ಲೆಕ್ಕ ಹಾಕಲು ಕೂತೆ.

ಶೇ 10ರ ಬಡ್ಡಿ, 5 ವರ್ಷ ಅಂದರೆ ತಿಂಗಳಿಗೆ ಸುಮಾರು 4,250 ರೂಪಾಯಿ ಕಂತು. ಓದುವಾಗ, ಮುಗಿದ ಮೇಲೂ ಒಂದು ವರ್ಷ ಕಂತು ಕಟ್ಟಬೇಕಿಲ್ಲ. ಆದರೆ ಬಡ್ಡಿ ಓಡುತ್ತಲೇ ಇರುತ್ತದೆ. ಅದನ್ನೂ ಸೇರಿಸಿದರೆ ಕಂತು 5 ಸಾವಿರ ದಾಟುತ್ತದೆ.

ಇನ್ನು ಸಂಬಳ. 2025ರ ಬಜೆಟ್‌ನಲ್ಲಿ 2 ಸಾವಿರ ಏರಿದ ಮೇಲೂ ಸರ್ಕಾರಿ ಪ್ರೌಢಶಾಲೆಯ ಅತಿಥಿ ಶಿಕ್ಷಕರಿಗೆ ಸಿಗೋದು 12,500. ಬೇಸಿಗೆ ರಜೆಯಲ್ಲಿ ಅದೂ ಇಲ್ಲ. ಬ್ಯಾಂಕಿಗೆ ಬೇಸಿಗೆ ರಜೆ ಇಲ್ವಲ್ಲ! ಶಿಕ್ಷಣ ಸಾಲದ ಬಡ್ಡಿಗೆ ಆದಾಯ ತೆರಿಗೆ ವಿನಾಯಿತಿ ಇದೆಯಂತೆ. ತೆರಿಗೆ ಕಟ್ಟುವಷ್ಟು ಆದಾಯ ಇದ್ದರೆ ತಾನೇ?

ಕಾಯಂ ಹುದ್ದೆ ಸಿಕ್ಕರೆ ಈ ಸಾಲ ಏನೇನೂ ಅಲ್ಲ, ನಿಜ. ಆದರೆ ನೇಮಕಾತಿ ಯಾವಾಗ ಬರುತ್ತೋ ಯಾರಿಗೆ ಗೊತ್ತು. ಮೊದಲು ಒಂದೇ ವರ್ಷ ಇದ್ದ ಕೋರ್ಸು 2015ರಿಂದ ಎರಡು ವರ್ಷ ಆಗಿದೆ. ಅಂದರೆ ಫೀಸೂ ಜಾಸ್ತಿ, ದುಡಿಮೆಯೂ ಒಂದು ವರ್ಷ ತಡ. ಜೊತೆಗೆ 1ರಿಂದ 5ನೇ ತರಗತಿಗೆ ಬಿ.ಎಡ್. ಅರ್ಹತೆ ಅಲ್ಲ ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಬಾಗಿಲೂ ಮುಚ್ಚಿತು.

ಸರ್ಕಾರಿ ಕೋಟಾದ ಸೀಟು ಸಿಕ್ಕರೆ ಕಣ್ಣುಮುಚ್ಚಿ ಸೇರು, ಇಲ್ಲದಿದ್ದರೆ ಒಂದು ವರ್ಷ ತಡಿ ಅಂದಿದ್ದೇನೆ. ಅಕ್ಕನಿಗೆ ನನ್ನ ಮೇಲೆ ಸ್ವಲ್ಪ ಸಿಟ್ಟು ಬಂದಿದೆ.