ಮೋಟರ್‌ಹೋಮ್‌ಗೆ ಯಾವ ಡಿಶ್? ಮೊದಲು ದಾರಿ ಹೇಳಿ

ಫ್ರಾನ್ಸಿನ ಯಾವುದಾದರೂ ಕ್ಯಾಂಪ್‌ಸೈಟ್‌ನಲ್ಲಿ ಸಂಜೆ ಹೊತ್ತು ಒಂದು ಸುತ್ತು ಹಾಕಿದರೆ, ನಂಬರ್ ಪ್ಲೇಟ್ ನೋಡದೆಯೇ ಯಾವ ಮೋಟರ್‌ಹೋಮ್ (ಅಡುಗೆಮನೆ, ಹಾಸಿಗೆಯೆಲ್ಲ ಒಳಗೇ ಇರುವ ಗಾಡಿ) ಬ್ರಿಟನ್ನಿನದು, ಯಾವುದು ಜರ್ಮನಿಯದು ಎಂದು ಬಹುಮಟ್ಟಿಗೆ ಹೇಳಿಬಿಡಬಹುದು. ಬ್ರಿಟಿಷರ ಟಿವಿ ಡಿಶ್‌ಗಳೆಲ್ಲ ಆಗ್ನೇಯಕ್ಕೆ ಮುಖ ಮಾಡಿ ನಿಂತಿರುತ್ತವೆ. ಜರ್ಮನ್ನರವು ಅದಕ್ಕಿಂತ ತುಸು ಬಲಕ್ಕೆ, ದಕ್ಷಿಣದ ಕಡೆಗೆ ಹೊರಳಿರುತ್ತವೆ. ಬ್ರಿಟನ್ನಿನ ವಾಹಿನಿಗಳು ಬರುವುದು ಪೂರ್ವ ರೇಖಾಂಶ 28.2 ಡಿಗ್ರಿಯ ಮೇಲಿರುವ ಆಸ್ಟ್ರಾ ಉಪಗ್ರಹಗಳಿಂದ; ಜರ್ಮನಿಯವು 19.2 ಡಿಗ್ರಿಯ ಇನ್ನೊಂದು ಆಸ್ಟ್ರಾ ಗುಂಪಿನಿಂದ. ಎರಡೂ ಭೂಮಧ್ಯರೇಖೆಯ ನೆತ್ತಿಯ ಮೇಲೆ, ಸುಮಾರು 35,786 ಕಿ.ಮೀ. ಎತ್ತರದಲ್ಲಿ, ಭೂಮಿಯೊಂದಿಗೇ ಸುತ್ತುತ್ತಾ ಇದ್ದಲ್ಲೇ ಇರುತ್ತವೆ. ಜಾಗ ಬದಲಾಯಿಸುವವರು ನಾವು.

ಬ್ರಿಟನ್ನಿನಲ್ಲಿ ನೆಲೆಸಿ, ರಜೆ ಸಿಕ್ಕಾಗಲೆಲ್ಲ ಮೋಟರ್‌ಹೋಮ್ ಏರಿ ಯುರೋಪು ಸುತ್ತುವ ನಮಗೆ ಊರಿನ ನೆಂಟರು ಕೇಳುವ ಮೊದಲ ಪ್ರಶ್ನೆ ಅಡುಗೆಯದು, ಎರಡನೆಯದು ಟಿವಿಯದು. ಅಷ್ಟು ದೂರ ಹೋಗಿ ಟಿವಿ ಏಕೆ ಎಂದು ಕೆಲವರಿಗೆ ಅನ್ನಿಸುತ್ತದೆ. ಮೂರು ದಿನ ಬಿಡದೆ ಮಳೆ ಸುರಿಯುವಾಗ, ಸುತ್ತಲಿನವರ ಭಾಷೆ ಒಂದಕ್ಷರ ತಿಳಿಯದ ಹಳ್ಳಿಯಲ್ಲಿ ಸಂಜೆ ಐದಕ್ಕೇ ಕತ್ತಲಾದಾಗ, ಪರಿಚಿತ ದನಿಯೊಂದು ಸುದ್ದಿ ಓದಿದರೆ ಆಗುವ ನೆಮ್ಮದಿ ದೊಡ್ಡದು. ಜುಲೈ ತಿಂಗಳಲ್ಲಿ ವಿಂಬಲ್ಡನ್ ತಪ್ಪಿಸಿಕೊಳ್ಳಲು ನಾನಂತೂ ಸಿದ್ಧಳಿಲ್ಲ. ಇಂಟರ್‌ನೆಟ್ಟಿನಲ್ಲಿ ಕಾರ್ಯಕ್ರಮ ನೋಡುವ ಬಿಬಿಸಿಯ ಐಪ್ಲೇಯರ್ ಬ್ರಿಟನ್ನಿನ ಗಡಿ ದಾಟಿದ ಮೇಲೆ ಏನನ್ನೂ ತೋರಿಸುವುದಿಲ್ಲ. ಉಳಿಯುವುದು ಉಪಗ್ರಹ.

ಹೊಸದಾಗಿ ಗಾಡಿ ಕೊಂಡ ಇಲ್ಲಿನ ಕನ್ನಡದ ಗೆಳೆಯರು, "ಅಕ್ಕಾ, ಯಾವ ಡಿಶ್ ತೆಗೆದುಕೊಳ್ಳಲಿ?" ಎಂದು ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: "ಎಲ್ಲಿಯವರೆಗೆ ಹೋಗುತ್ತೀರಿ?" ಅಂಗಡಿಯವರು ಈ ಪ್ರಶ್ನೆಯನ್ನು ಕೊನೆಗೆ ಕೇಳುತ್ತಾರೆ, ಇಲ್ಲವೆ ಕೇಳುವುದೇ ಇಲ್ಲ. ಗುಂಡಿ ಒತ್ತಿದರೆ ತಾನೇ ಎದ್ದು ಉಪಗ್ರಹ ಹುಡುಕುವ ಯಂತ್ರವನ್ನು ತೋರಿಸಿದಾಗ ಮನಸ್ಸು ಅಲ್ಲೇ ಸೋಲುತ್ತದೆ. ಆದರೆ ಎಷ್ಟೇ ಜಾಣ ಯಂತ್ರವಾದರೂ ಇಲ್ಲದ ಸಿಗ್ನಲ್ಲನ್ನು ತರಲಾರದು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬಿಬಿಸಿ, ಐಟಿವಿಯಂಥ ವಾಹಿನಿಗಳು ಉಪಗ್ರಹದಿಂದ ಸಂಕೇತದ ಬೀಗವಿಲ್ಲದೆ ಉಚಿತವಾಗಿ ಬರುತ್ತವೆ. ಇವನ್ನೆಲ್ಲ ಒಟ್ಟುಮಾಡಿ ಕೊಡುವ ಫ್ರೀಸ್ಯಾಟ್ ಸೇವೆ ಶುರುವಾದದ್ದು 2008ರ ಮೇ ತಿಂಗಳಲ್ಲಿ. ಆದರೆ ಆ ವಾಹಿನಿಗಳು ಚಲನಚಿತ್ರ, ಕ್ರೀಡೆಗಳ ಹಕ್ಕು ಕೊಂಡಿರುವುದು ಬ್ರಿಟನ್ನಿಗೆ ಮಾತ್ರ. ಬೀಗ ಹಾಕದೆಯೂ ಹೊರಗಿನವರಿಗೆ ಸಿಗದಂತೆ ಮಾಡಲು ಇರುವ ದಾರಿಯೆಂದರೆ ಕಿರಣದ ಹರವನ್ನೇ ಕಿರಿದು ಮಾಡುವುದು. 2014ರಲ್ಲಿ ಬಿಬಿಸಿ ವಾಹಿನಿಗಳು ಆಸ್ಟ್ರಾ 2ಇ ಉಪಗ್ರಹದ ಬ್ರಿಟನ್ ಕಿರಣಕ್ಕೆ ಬದಲಾದವು. ಸ್ಪೇನಿನ ಕರಾವಳಿಯಲ್ಲಿ ನೆಲೆಸಿದ್ದ ಅದೆಷ್ಟೋ ಬ್ರಿಟಿಷ್ ನಿವೃತ್ತರ ಮನೆಯ ಪರದೆಗಳು ಆಗ ಬರಿದಾದವು. ನಿನ್ನೆಯವರೆಗೆ ಸಾಕಾಗುತ್ತಿದ್ದ ಡಿಶ್ ರಾತ್ರೋರಾತ್ರಿ ಸಾಲದಾಯಿತು.

ಈಗಿನ ಸ್ಥಿತಿ ಸ್ಥೂಲವಾಗಿ ಹೀಗಿದೆ. ಬ್ರಿಟನ್ನಿನಲ್ಲಿ, ಇಂಗ್ಲಿಷ್ ಕಾಲುವೆ ದಾಟಿದ ಕೂಡಲೇ ಸಿಗುವ ಫ್ರಾನ್ಸಿನ ಉತ್ತರ ಭಾಗದಲ್ಲಿ, ಬೆಲ್ಜಿಯಂನಲ್ಲಿ, ನೆದರ್ಲೆಂಡ್ಸ್‌ನಲ್ಲಿ 60 ಸೆಂ.ಮೀ. ಡಿಶ್ ಸಾಕು. ಫ್ರಾನ್ಸಿನ ನಡುಭಾಗಕ್ಕೆ ಇಳಿದಾಗ 80–85 ಸೆಂ.ಮೀ. ಇದ್ದರೆ ಒಳ್ಳೆಯದು. ಇನ್ನೂ ಕೆಳಗೆ, ಮೆಡಿಟರೇನಿಯನ್ ಕಡೆಗೆ ಹೋದಂತೆ ಅದಕ್ಕೂ ಏದುಸಿರು ಬರುತ್ತದೆ. ಒಂದು ವಾಹಿನಿ ಸಿಕ್ಕರೆ ಇನ್ನೊಂದರ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಸ್ಪೇನಿನ ದಕ್ಷಿಣ ಕರಾವಳಿಗೆ ಹೋದರೆ ಎರಡು ಮೀಟರ್ ಡಿಶ್ ಕೂಡ ಇಡೀ ದಿನದ ಭರವಸೆ ಕೊಡುವುದಿಲ್ಲ. ಅಷ್ಟು ದೊಡ್ಡದನ್ನು ಗಾಡಿಯ ಮೇಲೆ ಹೊತ್ತು ತಿರುಗುವವರು ಯಾರು? ಅಂದರೆ ಚಳಿಗಾಲವಿಡೀ ಸ್ಪೇನಿನಲ್ಲಿ ಕಳೆಯುವವರು ಬ್ರಿಟನ್ನಿನ ವಾಹಿನಿಗಳಿಗಾಗಿ ಚಾವಣಿಯ ಡಿಶ್‌ಗೆ ದುಡ್ಡು ಹಾಕುವುದು ನಷ್ಟ.

60ಕ್ಕೂ 85ಕ್ಕೂ ಏನು ಮಹಾ ವ್ಯತ್ಯಾಸ ಎನ್ನಬೇಡಿ. ಸಿಗ್ನಲ್ ಹಿಡಿಯುವುದು ಡಿಶ್‌ನ ವಿಸ್ತೀರ್ಣ; 85 ಸೆಂ.ಮೀ. ಡಿಶ್‌ನ ವಿಸ್ತೀರ್ಣ 60ರದ್ದಕ್ಕೆ ಸರಿಸುಮಾರು ಎರಡರಷ್ಟು. ಮಳೆಮೋಡ ಕವಿದ ದಿನ ಆ ಎರಡರಷ್ಟೇ ಚಿತ್ರವನ್ನು ಉಳಿಸುತ್ತದೆ. ಅದಕ್ಕೆ ಪ್ರತಿಯಾಗಿ ದೊಡ್ಡ ಡಿಶ್‌ನ ನೋಟ ಕಿರಿದು, ಗುರಿ ಇಡಲು ಹೆಚ್ಚು ತಾಳ್ಮೆ ಬೇಕು.

ಗಾಡಿಗಳ ಮೇಲೆ ಕಾಣುವ ಬಿಳಿಯ ಗುಮ್ಮಟದ ಬಗ್ಗೆ ಊರಿನವರು ಫೋಟೋ ನೋಡಿ ಕೇಳುತ್ತಾರೆ. ಅದರೊಳಗೆ ಪುಟ್ಟ ಡಿಶ್ ಇರುತ್ತದೆ. ಗಾಳಿ ತಾಗುವುದಿಲ್ಲ, ಗಾಡಿ ನಿಂತ ಕೂಡಲೇ ತಾನೇ ತಿರುಗಿ ಉಪಗ್ರಹ ಹಿಡಿಯುತ್ತದೆ. ಆದರೆ ಗುಮ್ಮಟ ಚಿಕ್ಕದು, ಒಳಗಿನ ಡಿಶ್ ಇನ್ನೂ ಚಿಕ್ಕದು. ಫ್ರಾನ್ಸಿನ ಮಧ್ಯಕ್ಕೆ ಬರುವ ಮೊದಲೇ ಅದರ ಕಸುವು ಮುಗಿಯುತ್ತದೆ. ಮಡಚಿಕೊಂಡು ಮಲಗುವ ಸ್ವಯಂಚಾಲಿತ ಡಿಶ್ ಇದಕ್ಕಿಂತ ಮೇಲು. 85 ಸೆಂ.ಮೀ.ವರೆಗೂ ಸಿಗುತ್ತದೆ, ದಿನಕ್ಕೊಂದು ಊರು ಬದಲಿಸುವವರಿಗೆ, ಸೊಂಟ ಬಗ್ಗಿಸಲಾಗದ ಹಿರಿಯರಿಗೆ ನಿಜಕ್ಕೂ ವರ. ಬೆಲೆ ಸುಲಭವಾಗಿ ಸಾವಿರ ಪೌಂಡ್ ದಾಟುತ್ತದೆ.

ದುಡ್ಡಿಗಿಂತ ನನಗೆ ಮುಖ್ಯವೆನಿಸುವುದು ತೂಕ. ಬ್ರಿಟನ್ನಿನಲ್ಲಿ 1997ರ ಜನವರಿ 1ರಿಂದ ಈಚೆಗೆ ಕಾರಿನ ಪರೀಕ್ಷೆ ಪಾಸಾದವರು ಸಾಮಾನ್ಯ ಪರವಾನಗಿಯಲ್ಲಿ 3,500 ಕೆ.ಜಿ. ಮೀರಿದ ಮೋಟರ್‌ಹೋಮ್ ಓಡಿಸುವಂತಿಲ್ಲ. ನಮ್ಮ ಹಾಗೆ ಆಮೇಲೆ ಬಂದು ಇಲ್ಲಿ ಪರವಾನಗಿ ಪಡೆದವರೆಲ್ಲ ಈ ಮಿತಿಯೊಳಗಿನವರೇ. ನೀರು, ಗ್ಯಾಸ್ ಸಿಲಿಂಡರ್, ಸೈಕಲ್, ಅಕ್ಕಿಬೇಳೆ, ನಾವಿಬ್ಬರು ಎಲ್ಲ ಸೇರಿದ ಮೇಲೆ ಉಳಿಯುವ ಅವಕಾಶ ಬಹಳ ಕಡಿಮೆ. ಅದರಲ್ಲಿ ಹತ್ತು ಹದಿನೈದು ಕೆ.ಜಿ.ಯನ್ನು ಚಾವಣಿಗೆ ಕೊಡುವುದೆಂದರೆ ಬೇರೇನನ್ನೋ ಕೆಳಗಿಳಿಸಬೇಕು. ಗಾಡಿಯ ಎತ್ತರವೂ ಏರುತ್ತದೆ. ತಗ್ಗಿನ ಸೇತುವೆಯ ಮುಂದೆ ನಿಂತಾಗಲೂ ಹಡಗಿನ ಟಿಕೆಟ್ ಕಾದಿರಿಸುವಾಗಲೂ ಆ ಹೊಸ ಅಳತೆಯೇ ಲೆಕ್ಕಕ್ಕೆ ಬರುವುದು. ಚಾವಣಿಯ ಮೇಲೆ ಸೌರಫಲಕವಿದ್ದರೆ ಗುಮ್ಮಟದ ನೆರಳು ಅದರ ಮೇಲೆ ಬೀಳದಂತೆಯೂ ನೋಡಿಕೊಳ್ಳಬೇಕು.

ಇಷ್ಟೆಲ್ಲ ತೂಗಿ ನೋಡಿ ನಾವು ಆರಿಸಿಕೊಂಡದ್ದು ಮುಕ್ಕಾಲಿಯ ಮೇಲೆ ನಿಲ್ಲಿಸುವ 80 ಸೆಂ.ಮೀ. ಡಿಶ್. ಬೆಲೆ ನೂರು ಪೌಂಡಿನ ಆಸುಪಾಸು. ಒಂದೇ ಕಡೆ ನಾಲ್ಕೈದು ದಿನ ತಂಗುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲವೆಂದು ನಾನು ಧೈರ್ಯವಾಗಿ ಹೇಳುತ್ತೇನೆ. ಕಾರಣ ಮರಗಳು. ನಮ್ಮೂರಿನ ತಾರಸಿಯ ಮೇಲಿನ ಡಿಶ್ ಬಹುಪಾಲು ಆಕಾಶಕ್ಕೆ ಮುಖವೆತ್ತಿ ನೋಡುತ್ತದೆ, ಏಕೆಂದರೆ ಭೂಮಧ್ಯರೇಖೆ ಅಲ್ಲಿಗೆ ಹತ್ತಿರ. ಲಂಡನ್ನಿನಿಂದ ನೋಡಿದರೆ 28.2ರ ಉಪಗ್ರಹ ದಿಗಂತದಿಂದ 25 ಡಿಗ್ರಿಯಷ್ಟೇ ಮೇಲಿದೆ. ನಾರ್ವೆಯ ತುತ್ತತುದಿ ನಾರ್ಡ್‌ಕಾಪ್‌ನಲ್ಲಿ ಸುಮಾರು ಹತ್ತೇ ಡಿಗ್ರಿ. ಇಷ್ಟು ತಗ್ಗಿನ ನೋಟಕ್ಕೆ ದೂರದ ಪೊಪ್ಲರ್ ಮರದ ಸಾಲೂ ಅಡ್ಡ ಬರುತ್ತದೆ, ಪಕ್ಕದವರ ಗಾಡಿಯೂ ಅಡ್ಡ ಬರುತ್ತದೆ. ಬೇಸಿಗೆಯಲ್ಲಿ ಎಲ್ಲರಿಗೂ ಬೇಕಾದದ್ದು ನೆರಳಿನ ಜಾಗ. ಚಾವಣಿಯ ಡಿಶ್ ಇರುವವರು ನೆರಳನ್ನು ಬಿಡಬೇಕು, ಇಲ್ಲವೆ ಟಿವಿಯನ್ನು ಬಿಡಬೇಕು. ನಾವು ಗಾಡಿಯನ್ನು ಮರದ ಕೆಳಗೆ ನಿಲ್ಲಿಸಿ, ಹತ್ತು ಮೀಟರ್ ಕೇಬಲ್ ಎಳೆದು ಡಿಶ್ಶನ್ನು ಬಿಸಿಲಿಗೆ ಇಡುತ್ತೇವೆ.

ಹೊಂದಿಸುವ ಕೆಲಸ ನನ್ನದು. ಮುಕ್ಕಾಲಿಯ ಕಂಬ ಮೊದಲು ನೆಟ್ಟಗೆ ನಿಲ್ಲಬೇಕು. ಅದನ್ನು ನೋಡಲು ಗಾಳಿಗುಳ್ಳೆಯ ಪುಟ್ಟ ರಸಮಟ್ಟ ಸಾಕು. ಕಂಬ ಓರೆಯಾದರೆ ಡಿಶ್ ತಿರುಗಿಸಿದಂತೆ ಎತ್ತರದ ಕೋನವೂ ಕೆಡುತ್ತದೆ. ದಿಕ್ಸೂಚಿ ಹಿಡಿದು ದಿಕ್ಕು ನೋಡಿಕೊಂಡು, ಡಿಶ್ಶನ್ನು ಕೂದಲೆಳೆಯಷ್ಟು ಸರಿಸುತ್ತೇನೆ, ನಿಲ್ಲುತ್ತೇನೆ. ರಿಸೀವರ್‌ಗೆ, ಅಂದರೆ ಟಿವಿಗೆ ಜೋಡಿಸಿದ ಪೆಟ್ಟಿಗೆಗೆ, ಯೋಚಿಸಲು ಒಂದೆರಡು ಕ್ಷಣ ಬೇಕು. ಒಳಗಿನಿಂದ ನಮ್ಮ ಯಜಮಾನರು ಕೂಗುತ್ತಾರೆ, "ಬಂತು ಬಂತು, ಹೋಯಿತು ಕಣೇ, ಸ್ವಲ್ಪ ಹಿಂದಕ್ಕೆ!" "ಈಗ ನೋಡಿ ರೀ?" "ಹಾಂ, ಅಲ್ಲೇ ಬಿಡು." ಇಲ್ಲೊಂದು ಎಚ್ಚರ ಬೇಕು. ಅಗ್ಗದ ಸಿಗ್ನಲ್ ಮೀಟರ್ ಯಾವ ಉಪಗ್ರಹ ಸಿಕ್ಕಿದರೂ ಒಂದೇ ರೀತಿ ಕಿರುಚುತ್ತದೆ. 19.2ರ ಕಿರಣ ಯುರೋಪಿನಲ್ಲೆಲ್ಲ ಬಲವಾಗಿರುವುದರಿಂದ ಹೊಸಬರ ಡಿಶ್ ಬಹಳಷ್ಟು ಸಲ ಅಲ್ಲಿಗೇ ಹೋಗಿ ನಿಲ್ಲುತ್ತದೆ. ವಾಹಿನಿಯ ಹೆಸರು ಪರದೆಯ ಮೇಲೆ ಬರುವವರೆಗೆ ತಿರುಪು ಬಿಗಿ ಮಾಡಬಾರದು.

ಡಿಶ್‌ನ ಮುಂದೆ ತೋಳಿನ ತುದಿಯಲ್ಲಿ ಕೂತು ಸಿಗ್ನಲ್ಲನ್ನು ಕೇಬಲ್‌ಗೆ ದಾಟಿಸುವ ಎಲ್‌ಎನ್‌ಬಿ ಎಂಬ ಪುಟ್ಟ ಭಾಗವನ್ನು ತಿರುಗಿಸಬೇಕೆಂಬುದು ಹಲವರಿಗೆ ಗೊತ್ತಿರುವುದಿಲ್ಲ. ಅಲೆಗಳು ಅಡ್ಡ, ಉದ್ದ ಎಂದು ಎರಡು ಬಗೆಯಲ್ಲಿ ಬರುತ್ತವೆ. ನಾವು ನಿಂತ ಜಾಗ ಬದಲಾದರೆ ಅವುಗಳ ಓರೆಯೂ ಬದಲಾಗುತ್ತದೆ. ಲಂಡನ್ನಿನಲ್ಲಿ ಸರಿಯಾಗಿದ್ದುದನ್ನು ಸ್ಪೇನಿನ ಮಾಲಗಾದಲ್ಲಿ ಸುಮಾರು 15 ಡಿಗ್ರಿ ಹೊರಳಿಸಬೇಕು. ಸಿಗ್ನಲ್ ದುರ್ಬಲವಾದ ಕಡೆ ಈ ಹೊರಳಿಕೆಯಿಂದಲೇ ಚಿತ್ರ ನಿಂತದ್ದನ್ನು ನೋಡಿದ್ದೇನೆ. ಸ್ವಯಂಚಾಲಿತ ಡಿಶ್ ಕೊಳ್ಳುವವರು ಇದನ್ನು ಅದು ತಾನೇ ಮಾಡುತ್ತದೆಯೇ ಎಂದು ಕೇಳಲೇಬೇಕು. ಎಲ್ಲ ಮಾದರಿಗಳೂ ಮಾಡುವುದಿಲ್ಲ.

ಗಾಳಿಗೆ ಮುಕ್ಕಾಲಿ ಅಲುಗದಂತೆ ನೀರು ತುಂಬಿದ ಕ್ಯಾನನ್ನು ನಡುವೆ ತೂಗುಬಿಡಿ. ಕೇಬಲ್ ತುದಿಯ ಕನೆಕ್ಟರ್ ಒಳಗೆ ತಾಮ್ರದ ತಂತಿಗೆ ಹೊರಗಿನ ಜಾಲರಿಯ ಒಂದು ಎಳೆ ತಾಗಿದರೂ ಎಲ್ಲ ಸ್ತಬ್ಧ. ಡಿಶ್ ಕೆಟ್ಟಿತೆಂದು ಹೊಸದಕ್ಕೆ ಹೊರಡುವ ಮೊದಲು ಅದನ್ನು ಬಿಚ್ಚಿ ಬೆಳಕಿಗೆ ಹಿಡಿಯಿರಿ.

ರಿಸೀವರ್ ಗಾಡಿಯ ಬ್ಯಾಟರಿಯ 12 ವೋಲ್ಟ್‌ನಲ್ಲಿ ನಡೆಯುವಂಥದ್ದಾಗಿರಲಿ, ಎಚ್‌ಡಿ ಹಿಡಿಯುವಂಥದ್ದಾಗಿರಲಿ. 2024ರ ಜನವರಿಯಲ್ಲಿ ಬಿಬಿಸಿ ಉಪಗ್ರಹದ ಎಸ್‌ಡಿ (ಎಚ್‌ಡಿಗಿಂತ ಕಡಿಮೆ ಸ್ಪಷ್ಟತೆಯ) ಪ್ರಸಾರವನ್ನು ನಿಲ್ಲಿಸಿತು. ಹಳೆಯ ಪೆಟ್ಟಿಗೆಗಳನ್ನು ಈಗ ಯಾರಾದರೂ ಅಗ್ಗಕ್ಕೆ ಕೊಟ್ಟರೂ ಬೇಡ. ಇತ್ತೀಚೆಗೆ ಉಪಗ್ರಹದ ಇಂಟರ್‌ನೆಟ್ ಹೊತ್ತು ತಿರುಗುವವರು ಹೆಚ್ಚುತ್ತಿದ್ದಾರೆ. ಸ್ಟಾರ್‌ಲಿಂಕ್‌ನ ಮಿನಿ ಸಾಧನ ಚೀಲದಲ್ಲಿ ಹಿಡಿಯುತ್ತದೆ, ದಕ್ಷಿಣ ಸ್ಪೇನಿನಲ್ಲೂ ನಡೆಯುತ್ತದೆ. ಆದರೆ ಅದಕ್ಕೆ ತಿಂಗಳ ಬಾಡಿಗೆ ಉಂಟು, 25ರಿಂದ 40 ವಾಟ್ ವಿದ್ಯುತ್ತು ಉಂಟು. ವಿದ್ಯುತ್ ಸಂಪರ್ಕವಿಲ್ಲದೆ ಬೆಟ್ಟದ ಮೇಲೆ ತಂಗುವವರ ಬ್ಯಾಟರಿಗೆ ಅದು ಸಣ್ಣ ಹೊರೆಯಲ್ಲ. ಫ್ರಾನ್ಸಿನ ಮಧ್ಯದವರೆಗೆ ನಾವು ಡಿಶ್ ಒಯ್ಯುತ್ತೇವೆ. ಅದಕ್ಕಿಂತ ಕೆಳಗೆ ಹೊರಟರೆ ಮುಕ್ಕಾಲಿ ಮನೆಯಲ್ಲೇ ಉಳಿಯುತ್ತದೆ, ಅದರ ಜಾಗಕ್ಕೆ ಇನ್ನೊಂದು ನೀರಿನ ಕ್ಯಾನು ಬರುತ್ತದೆ.